ಸಾಮಾನ್ಯವೂ ವಿಶೇಷವೂ: ಭದ್ರತಾ ಚಿಪ್ಪಿನೊಡನೆ ಸಂಭಾಷಣೆ

ಗಣಕಯಂತ್ರದ ಗುಂಡಿಯನ್ನು ಒತ್ತಿದ ಕ್ಷಣಕ್ಕೂ ತೆರೆಯ ಮೇಲೆ ಮೊದಲನೆಯ ಅಕ್ಷರ ಮೂಡುವ ಕ್ಷಣಕ್ಕೂ ನಡುವೆ ಕೆಲವು ಸೆಕೆಂಡುಗಳ ಅಂತರವಿರುತ್ತದೆ. ನೋಡುವವನಿಗೆ ಅದು ಬರಿಯ ಕಾಯುವ ಕಾಲ. ಯಂತ್ರದ ಒಳಗಾದರೋ ಆ ಅಲ್ಪಾವಧಿಯಲ್ಲಿ ಕೋಟ್ಯಂತರ ಸೂಚನೆಗಳು ನೆರವೇರುತ್ತವೆ. ಇವುಗಳಲ್ಲಿ ಮೊದಲನೆಯ ಕಂತು ಮುಖ್ಯ ಫಲಕದ ಮೇಲಿರುವ ಒಂದು ಸಣ್ಣ ಸ್ಮರಣಕೋಶದಲ್ಲಿ ಬರೆದಿಟ್ಟಿರುವ ಕ್ರಮವಿಧಿಯಿಂದ ಬರುತ್ತದೆ. ವಿದ್ಯುತ್ತು ಹೋದರೂ ಅಳಿಯದ ಈ ಕ್ರಮವಿಧಿಗೆ ಫರ್ಮ್‌ವೇರ್ ಎಂದು ಹೆಸರು. ಅದು ಎಚ್ಚತ್ತು, ಯಂತ್ರದ ಅಂಗಾಂಗಗಳನ್ನು ಸಿದ್ಧಗೊಳಿಸಿ, ಮುಂದಿನ ಕ್ರಮವಿಧಿಯನ್ನು ಸ್ಮರಣೆಗೆ ತಂದು, ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಅದು ಇನ್ನೊಂದಕ್ಕೆ ಒಪ್ಪಿಸುತ್ತದೆ. ಹೀಗೆ ಕೊಂಡಿಗೆ ಕೊಂಡಿ ಸೇರಿ ಕೊನೆಗೆ ನಾವು ಬಳಸುವ ಕಾರ್ಯಾಚರಣ ವ್ಯವಸ್ಥೆ ತಲೆಯೆತ್ತುತ್ತದೆ.

ಈ ಸರಪಳಿಯ ಒಂದು ಕೊಂಡಿಯನ್ನು ಯಾರೋ ದುರುಳರು ನಮಗರಿವಿಲ್ಲದೆ ಬದಲಾಯಿಸಿದ್ದಾರೆಂದು ಭಾವಿಸೋಣ. ಅದನ್ನು ಪತ್ತೆಹಚ್ಚುವುದು ಹೇಗೆ? ಬದಲಾದ ಕ್ರಮವಿಧಿಯನ್ನೇ ಕರೆದು “ನೀನು ಸಾಚಾ ತಾನೆ?” ಎಂದು ಕೇಳಿ ಪ್ರಯೋಜನವಿಲ್ಲ. ಕಳ್ಳನೂ ಹೌದೆಂದೇ ಹೇಳುತ್ತಾನೆ. ಆದುದರಿಂದ ಮುಖ್ಯ ಸಂಸ್ಕಾರಕದ ಹಿಡಿತಕ್ಕೆ ಹೊರತಾದ ಬೇರೊಬ್ಬ ಸಾಕ್ಷಿ ಬೇಕು. ಆ ಸಾಕ್ಷಿಯ ಸ್ಥಾನದಲ್ಲಿ ಕುಳಿತಿರುವುದೇ ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್, ಸಂಕ್ಷೇಪವಾಗಿ ಟಿ.ಪಿ.ಎಂ., ಎಂಬ ಭದ್ರತಾ ಚಿಪ್. ಇದರೊಡನೆ ಮಾತನಾಡುವುದಕ್ಕಾಗಿ ಫರ್ಮ್‌ವೇರಿನಲ್ಲಿ ಒಂದು ಭಾಗ ಮೀಸಲಾಗಿರುತ್ತದೆ. ಅದನ್ನು ಡ್ರೈವರ್ ಎನ್ನುತ್ತಾರೆ. ಈ ಚಿಪ್ಪಿನಲ್ಲಿ ಎರಡು ಆವೃತ್ತಿಗಳು ಬಳಕೆಗೆ ಬಂದಾಗ ಆ ಡ್ರೈವರನ್ನು ಎಲ್ಲಿ ಸೀಳಬೇಕು, ಎಲ್ಲಿ ಕೂಡಿಸಿಡಬೇಕು ಎಂಬುದು ಈ ಲೇಖನದ ವಿಷಯ.

ಮೊದಲು ಚಿಪ್ಪಿನ ಕೆಲಸವನ್ನು ತಿಳಿದುಕೊಳ್ಳೋಣ. ಅದರೊಳಗೆ ಪಿ.ಸಿ.ಆರ್. ಎಂದು ಕರೆಯಲ್ಪಡುವ ಕೆಲವು ಕೋಶಗಳಿವೆ. ಸಾಮಾನ್ಯವಾದ ಮೇಜಿನ ಗಣಕದಲ್ಲಿ ಇವುಗಳ ಸಂಖ್ಯೆ ೨೪. ಈ ಕೋಶಗಳಲ್ಲಿ ನಮಗೆ ಬೇಕಾದ ಸಂಖ್ಯೆಯನ್ನು ನೇರವಾಗಿ ಬರೆಯಲು ಸಾಧ್ಯವಿಲ್ಲ. ಇರುವ ಸಂಖ್ಯೆಯ ಮುಂದೆ ಹೊಸ ಸಂಖ್ಯೆಯೊಂದನ್ನು ಜೋಡಿಸಿ, ಆ ಜೋಡಿಯ ಹ್ಯಾಷ್ ತೆಗೆದು, ಬಂದ ಫಲವನ್ನು ಚಿಪ್ ತಾನೇ ಕೋಶದಲ್ಲಿ ಇಡುತ್ತದೆ. ಹ್ಯಾಷ್ ಎಂದರೆ ಎಷ್ಟೇ ಉದ್ದದ ದತ್ತಾಂಶವನ್ನಾದರೂ ಒಂದು ನಿಯತವಾದ ಉದ್ದಕ್ಕೆ ಇಳಿಸುವ ಗಣಿತಕ್ರಿಯೆ. ಮೂಲದಲ್ಲಿ ಒಂದು ಬಿಂದು ಬದಲಾದರೂ ಫಲ ಸಂಪೂರ್ಣವಾಗಿ ಬದಲಾಗುತ್ತದೆ. ಫಲದಿಂದ ಮೂಲಕ್ಕೆ ಹಿಂದಿರುಗುವ ದಾರಿಯಿಲ್ಲ. ಫರ್ಮ್‌ವೇರು ಮುಂದಿನ ಕೊಂಡಿಗೆ ಅಧಿಕಾರವನ್ನು ಒಪ್ಪಿಸುವ ಮೊದಲು ಆ ಕೊಂಡಿಯ ಹ್ಯಾಷನ್ನು ಚಿಪ್ಪಿಗೆ ಕಳುಹಿಸುತ್ತದೆ. ಇದನ್ನು ಅಳತೆ ಎನ್ನುವುದು ವಾಡಿಕೆ. ಎಲ್ಲ ಅಳತೆಗಳೂ ಮುಗಿದಾಗ ಕೋಶದಲ್ಲಿ ಉಳಿಯುವ ಸಂಖ್ಯೆಯು ಅಂದು ನಡೆದ ಕ್ರಮವಿಧಿಗಳ ಹಾಗೂ ಅವು ನಡೆದ ಅನುಕ್ರಮದ ಗುರುತಾಗಿರುತ್ತದೆ. ತಟ್ಟೆಯಲ್ಲಿರುವ ಗುಪ್ತಲಿಪಿಯನ್ನು ಬಿಡಿಸುವ ಕೀಲಿಯನ್ನು ಇದೇ ಚಿಪ್ಪಿನಲ್ಲಿ ಮೊಹರು ಮಾಡಿಟ್ಟಿದ್ದರೆ, ಕೋಶದ ಸಂಖ್ಯೆ ಮೊದಲಿನಂತೆಯೇ ಬಂದಾಗ ಮಾತ್ರ ಚಿಪ್ ಕೀಲಿಯನ್ನು ಬಿಟ್ಟುಕೊಡುತ್ತದೆ. ಡ್ರೈವರಿನಲ್ಲಿ ಒಂದು ಅಂಕೆ ತಪ್ಪಿದರೆ ಯಜಮಾನನಿಗೇ ತನ್ನ ಮನೆಯ ಬಾಗಿಲು ತೆರೆಯದೆ ಹೋಗಬಹುದು ಎಂಬುದನ್ನು ಓದುಗರು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈ ಚಿಪ್ಪಿನ ಲಕ್ಷಣಗಳನ್ನು ನಿರ್ಧರಿಸುವ ಕೈಗಾರಿಕಾ ಮಂಡಲಿ ೧೯೯೯ರಲ್ಲಿ ಒಂದು ಹೆಸರಿನಿಂದ ಆರಂಭವಾಗಿ ೨೦೦೩ರಲ್ಲಿ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಎಂಬ ಹೆಸರನ್ನು ತಾಳಿತು. ಅದು ಹೊರಡಿಸಿದ ೧.೨ ಎಂಬ ಆವೃತ್ತಿ ೨೦೦೯ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಯಿತು. ಅದರಲ್ಲಿ ಬಳಕೆಯಾದ ಹ್ಯಾಷ್ ಒಂದೇ ಬಗೆಯದು: ೨೦ ಬೈಟುಗಳ ಫಲವನ್ನು ಕೊಡುವ ಎಸ್.ಎಚ್.ಎ.-೧. ಈ ಕ್ರಿಯೆಯಲ್ಲಿ ದೌರ್ಬಲ್ಯವಿದೆಯೆಂದು ೨೦೦೫ರಲ್ಲಿ ಚೀನಾ ದೇಶದ ಗಣಿತಜ್ಞರು ತೋರಿಸಿಕೊಟ್ಟರು. ೨೦೧೭ರಲ್ಲಿ ಆಮ್‌ಸ್ಟರ್‌ಡಾಮಿನ ಸಿ.ಡಬ್ಲ್ಯೂ.ಐ. ಸಂಸ್ಥೆಯವರೂ ಗೂಗಲ್ ಸಂಸ್ಥೆಯವರೂ ಸೇರಿ, ಒಂದೇ ಹ್ಯಾಷ್ ಉಳ್ಳ ಎರಡು ಬೇರೆ ಬೇರೆ ಕಡತಗಳನ್ನು ಪ್ರತ್ಯಕ್ಷವಾಗಿ ತಯಾರಿಸಿ ಮುಂದಿಟ್ಟರು. ಇಂತಹ ಗಂಡಾಂತರವನ್ನು ಮೊದಲೇ ನಿರೀಕ್ಷಿಸಿ, ಯಾವುದೇ ಒಂದು ಹ್ಯಾಷಿಗೆ ಕಟ್ಟುಬೀಳದಂತೆ ರಚಿಸಿದ ೨.೦ ಆವೃತ್ತಿ ೨೦೧೪ರಲ್ಲಿ ಹೊರಬಂದಿತು. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಈ ಹೊಸ ಆವೃತ್ತಿಯನ್ನೇ ಕಡ್ಡಾಯ ಮಾಡಿತು. ಆದರೆ ಹಳೆಯ ಚಿಪ್ಪುಗಳುಳ್ಳ ಯಂತ್ರಗಳು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಎರಡು ಬಗೆಯ ಚಿಪ್ಪಿಗೂ ಸಲ್ಲುವಂತೆ ಫರ್ಮ್‌ವೇರ್ ಬರೆಯುವ ಹೊಣೆ ಬರೆಯುವವರ ಮೇಲೆ ಬಿದ್ದಿತು.

ಅವರ ಕೈಯಲ್ಲಿ ೧.೨ಕ್ಕೆ ಸಲ್ಲುವ, ಚೆನ್ನಾಗಿ ಪಳಗಿದ ಡ್ರೈವರೊಂದು ಇದ್ದಿತು. ಮುಂದೆ ಎರಡು ಸುಲಭವಾದ ದಾರಿಗಳು ಕಾಣುತ್ತವೆ. ಒಂದು, ಇಡೀ ಡ್ರೈವರನ್ನು ನಕಲು ಮಾಡಿ, ನಕಲಿನಲ್ಲಿ ೨.೦ಕ್ಕೆ ಬೇಕಾದ ಬದಲಾವಣೆಗಳನ್ನು ಮಾಡುವುದು. ಇದರಿಂದ ಅಂದಿನ ಕೆಲಸವೇನೋ ಆಗುತ್ತದೆ. ಆದರೆ ಎರಡಕ್ಕೂ ಸಮಾನವಾದ ಭಾಗದಲ್ಲಿ ನಾಳೆ ಒಂದು ದೋಷ ಕಂಡುಬಂದರೆ ಅದನ್ನು ಎರಡು ಕಡೆ ತಿದ್ದಬೇಕು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಮನುಷ್ಯಸಹಜ. ಇನ್ನೊಂದು ದಾರಿ, ಹಳೆಯ ಡ್ರೈವರಿನಲ್ಲಿಯೇ ಅಲ್ಲಲ್ಲಿ “ಚಿಪ್ ೨.೦ ಆಗಿದ್ದರೆ ಹೀಗೆ, ಇಲ್ಲವಾದರೆ ಹಾಗೆ” ಎಂದು ಷರತ್ತುಗಳನ್ನು ಸೇರಿಸುತ್ತ ಹೋಗುವುದು. ಐದಾರು ಷರತ್ತುಗಳವರೆಗೆ ಇದು ತಡೆಯುತ್ತದೆ. ಐವತ್ತಾದಾಗ ಓದುವವನು ಪ್ರತಿಯೊಂದು ಸಾಲಿನಲ್ಲಿಯೂ ಎರಡು ಚಿಪ್ಪುಗಳನ್ನು ಏಕಕಾಲದಲ್ಲಿ ಮನಸ್ಸಿನಲ್ಲಿಟ್ಟುಕೊಂಡು ನಡೆಯಬೇಕಾಗುತ್ತದೆ.

ಭೌತಶಾಸ್ತ್ರದ ಲೆಕ್ಕ ಬಿಡಿಸುವಾಗ ಮೊದಲನೆಯ ಸಾಲಿನಲ್ಲಿಯೇ ಅಂಕಿಗಳನ್ನು ತುಂಬಿಬಿಡುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಲೋಲಕದ ಉದ್ದ ಬದಲಾದರೆ ಅವರು ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕು. ಅಕ್ಷರಗಳಲ್ಲಿಯೇ ಸೂತ್ರವನ್ನು ಕೊನೆಯವರೆಗೆ ತಂದವರಿಗೆ ಒಂದು ಅಂಕಿಯನ್ನು ಬದಲಾಯಿಸಿದರೆ ಸಾಕು. ಡ್ರೈವರಿನಲ್ಲಿಯೂ ಅಪೇಕ್ಷಿತವಾದುದು ಇದೇ: ಯಾವುದು ಸೂತ್ರ, ಯಾವುದು ಅಂಕಿ ಎಂಬ ವಿವೇಚನೆ. ನಮ್ಮ ವೈಶೇಷಿಕರು ಪದಾರ್ಥಗಳನ್ನು ಎಣಿಸುವಾಗ ಸಾಮಾನ್ಯ, ವಿಶೇಷ ಎಂಬ ಎರಡನ್ನು ಬೇರೆ ಬೇರೆಯಾಗಿ ಎಣಿಸಿದ್ದುಂಟು. ಅವರ ತತ್ತ್ವವಿಚಾರ ಬೇರೆಯಾದರೂ ಮಾತುಗಳು ನಮಗೆ ಇಲ್ಲಿ ಒದಗುತ್ತವೆ. ಎರಡು ಆವೃತ್ತಿಗಳಿಗೂ ಸಲ್ಲುವ ಭಾಗವನ್ನು ಸಾಮಾನ್ಯವೆಂದೂ ಒಂದಕ್ಕೆ ಮಾತ್ರ ಸಲ್ಲುವುದನ್ನು ವಿಶೇಷವೆಂದೂ ಕರೆಯೋಣ.

ಚಿಪ್ಪಿಗೆ ಆಜ್ಞೆ ತಲಪುವ ಮಾರ್ಗವನ್ನು ಮೊದಲು ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ತೊಡಕು ಕಡಿಮೆ. ಚಿಪ್ಪು ಫಲಕದ ಮೇಲೆ ಎಲ್.ಪಿ.ಸಿ., ಎಸ್.ಪಿ.ಐ., ಐ-ಸ್ಕ್ವೇರ್ಡ್-ಸಿ ಎಂಬ ತಂತಿಮಾರ್ಗಗಳಲ್ಲಿ ಯಾವುದಾದರೊಂದರಿಂದ ಸಂಸ್ಕಾರಕಕ್ಕೆ ಸೇರಿರುತ್ತದೆ. ಡ್ರೈವರು ಮೊದಲು ಚಿಪ್ಪಿನ ಗಮನವನ್ನು ಬೇಡುತ್ತದೆ. ಅದು ಸಿದ್ಧವಾಯಿತೆಂದು ತಿಳಿದ ಮೇಲೆ ಬೈಟುಗಳನ್ನು ಒಂದೊಂದಾಗಿ ಒಂದು ಕಿಂಡಿಯ ಮೂಲಕ ಒಳಕ್ಕೆ ನೂಕುತ್ತದೆ. ಒಂದು ಸಲಕ್ಕೆ ಎಷ್ಟು ಬೈಟುಗಳನ್ನು ತಾನು ನುಂಗಬಲ್ಲೆನೆಂಬುದನ್ನು ಚಿಪ್ ಹೇಳುತ್ತಿರುತ್ತದೆ. ಎಲ್ಲವೂ ಹೋದ ಮೇಲೆ “ನಡೆಸು” ಎಂಬ ಸಂಜ್ಞೆ. ಆಮೇಲೆ ಉತ್ತರ ಸಿದ್ಧವಾಗುವವರೆಗೆ ಕಾಯುವಿಕೆ. ಕೊನೆಗೆ ಅದೇ ಕಿಂಡಿಯಿಂದ ಉತ್ತರದ ಬೈಟುಗಳನ್ನು ಹೊರಗೆ ಓದುವುದು. ಈ ಕೈಕುಲುಕಾಟದ ಕ್ರಮ ೧.೨ರಲ್ಲಿ ಹೇಗೋ ೨.೦ರಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. (೨.೦ಕ್ಕೆ ಆಜ್ಞೆಯನ್ನು ಸ್ಮರಣೆಯ ಒಂದು ಭಾಗದಲ್ಲಿ ಇಟ್ಟು ತೋರಿಸುವ ಇನ್ನೊಂದು ಮಾರ್ಗವೂ ಉಂಟು.) ಮಾರ್ಗದ ವ್ಯತ್ಯಾಸವೂ ಆವೃತ್ತಿಯ ವ್ಯತ್ಯಾಸವೂ ಒಂದನ್ನೊಂದು ಅವಲಂಬಿಸಿಲ್ಲವೆಂಬುದು ಇಲ್ಲಿ ಗಮನಾರ್ಹ. ಮೂರು ಮಾರ್ಗಗಳೂ ಎರಡು ಆವೃತ್ತಿಗಳೂ ಇದ್ದರೆ, ಬೆರೆಸಿ ಬರೆದವನು ಆರು ಡ್ರೈವರುಗಳನ್ನು ಬರೆಯಬೇಕು. ಬಿಡಿಸಿ ಬರೆದವನಿಗೆ ಮಾರ್ಗಕ್ಕೆ ಮೂರು, ಆವೃತ್ತಿಗೆ ಎರಡು, ಒಟ್ಟು ಐದು ತುಂಡುಗಳು ಸಾಕು. ನಾಲ್ಕನೆಯ ಮಾರ್ಗ ಬಂದರೆ ಎಂಟು ಮತ್ತು ಆರು. ಗುಣಿಸುವುದಕ್ಕೂ ಕೂಡುವುದಕ್ಕೂ ಇರುವ ಭೇದ ಇದು.

ಇನ್ನು ಆಜ್ಞೆಯ ಒಳಗೆ ಏನಿದೆಯೆಂದು ನೋಡಬೇಕು. ಎರಡು ಆವೃತ್ತಿಗಳಲ್ಲಿಯೂ ಪ್ರತಿಯೊಂದು ಆಜ್ಞೆಯ ಆರಂಭದಲ್ಲಿ ಹತ್ತು ಬೈಟುಗಳ ಒಂದು ತಲೆಬರಹವಿರುತ್ತದೆ: ಎರಡು ಬೈಟುಗಳಲ್ಲಿ ಆಜ್ಞೆಯ ಜಾತಿಯನ್ನು ಸೂಚಿಸುವ ಮುದ್ರೆ, ನಾಲ್ಕು ಬೈಟುಗಳಲ್ಲಿ ಇಡೀ ಆಜ್ಞೆಯ ಉದ್ದ, ಮತ್ತೆ ನಾಲ್ಕರಲ್ಲಿ ಆಜ್ಞೆಯ ಸಂಖ್ಯೆ. ಉತ್ತರದಲ್ಲಿಯೂ ಹೀಗೆಯೇ, ಆಜ್ಞೆಯ ಸಂಖ್ಯೆಯಿದ್ದ ಜಾಗದಲ್ಲಿ ಫಲಿತಾಂಶದ ಸಂಖ್ಯೆ ಇರುತ್ತದೆ. ನಾವು ಬರೆಯುವ ಅಂಕಿಗಳಂತೆಯೇ ದೊಡ್ಡ ಸ್ಥಾನದ ಬೈಟು ಮೊದಲು, ಚಿಕ್ಕದು ಆಮೇಲೆ. ಲಕೋಟೆಯ ಮೇಲೆ ವಿಳಾಸ ಬರೆಯುವ ಕ್ರಮ ಒಂದೇ ಆಗಿದ್ದರೆ ಒಳಗಿನ ಕಾಗದ ಯಾವ ಭಾಷೆಯಲ್ಲಿದ್ದರೂ ಅಂಚೆಯವನಿಗೆ ಚಿಂತೆಯಿಲ್ಲ. ಆದುದರಿಂದ ಉದ್ದವನ್ನು ಓದಿ ಅಷ್ಟು ಬೈಟುಗಳನ್ನು ಸಾಗಿಸುವುದು, ಸಂಖ್ಯೆಗಳನ್ನು ಬೈಟುಗಳಾಗಿ ಒಡೆಯುವುದು, ಬಂದ ಉತ್ತರದಿಂದ ಫಲಿತಾಂಶವನ್ನು ಕೀಳುವುದು ಇವೆಲ್ಲ ನಿಸ್ಸಂದೇಹವಾಗಿ ಸಾಮಾನ್ಯ ಭಾಗಕ್ಕೆ ಸೇರತಕ್ಕವು.

ಒಂದು ನಿಜವಾದ ಆಜ್ಞೆಯನ್ನೇ ಬಿಚ್ಚಿ ನೋಡೋಣ. ವಿದ್ಯುತ್ತು ಬಂದ ಮೇಲೆ ಚಿಪ್ಪಿಗೆ ಮೊಟ್ಟಮೊದಲು ಕಳುಹಿಸಬೇಕಾದುದು “ಏಳು” ಎಂಬ ಅರ್ಥದ ಸ್ಟಾರ್ಟಪ್ ಆಜ್ಞೆ. ೧.೨ರಲ್ಲಿ ಅದರ ಬೈಟುಗಳು, ದಶಮಾನದಲ್ಲಿ ಬರೆದರೆ, ಹೀಗಿವೆ:

೦, ೧೯೩, ೦, ೦, ೦, ೧೨, ೦, ೦, ೦, ೧೫೩, ೦, ೧

೨.೦ರಲ್ಲಿ ಹೀಗೆ:

೧೨೮, ೧, ೦, ೦, ೦, ೧೨, ೦, ೦, ೧, ೬೮, ೦, ೦

ಎರಡೂ ಹನ್ನೆರಡು ಬೈಟುಗಳವು. ಉದ್ದದ ಜಾಗದಲ್ಲಿ ಎರಡರಲ್ಲಿಯೂ ೧೨ ಇದೆ. ಮೊದಲನೆಯದರಲ್ಲಿ ಮುದ್ರೆ ೧೯೩. ಎರಡನೆಯದರಲ್ಲಿ ೧೨೮ನ್ನು ೨೫೬ರಿಂದ ಗುಣಿಸಿ ಒಂದನ್ನು ಕೂಡಿದರೆ ೩೨೭೬೯. ಆಜ್ಞೆಯ ಸಂಖ್ಯೆ ಮೊದಲನೆಯದರಲ್ಲಿ ೧೫೩, ಎರಡನೆಯದರಲ್ಲಿ ೨೫೬ ಮತ್ತು ೬೮ ಕೂಡಿ ೩೨೪. ಕೊನೆಯ ಎರಡು ಬೈಟುಗಳು ಹೇಗೆ ಏಳಬೇಕೆಂಬುದನ್ನು ತಿಳಿಸುತ್ತವೆ: ಹಿಂದಿನದನ್ನೆಲ್ಲ ಮರೆತು ಹೊಸದಾಗಿ ಏಳಬೇಕೇ, ಅಥವಾ ಯಂತ್ರ ನಿದ್ರೆಗೆ ಹೋಗುವ ಮೊದಲು ಉಳಿಸಿದ್ದ ಸ್ಥಿತಿಯಿಂದ ಮುಂದುವರಿಯಬೇಕೇ ಎಂದು. ಮೇಲಿನ ಎರಡೂ ಆಜ್ಞೆಗಳು ಹೊಸದಾಗಿ ಏಳಲು ಹೇಳುವಂಥವು.

ಇಷ್ಟು ಹೋಲಿಕೆ ಕಂಡಾಗ, ಇದನ್ನೂ ಸಾಮಾನ್ಯ ಭಾಗಕ್ಕೆ ಸೇರಿಸಿ, ಮುದ್ರೆಯನ್ನೂ ಸಂಖ್ಯೆಯನ್ನೂ ಮಾತ್ರ ಬದಲಾಯಿಸಿಕೊಂಡರೆ ಸಾಕೆಂದು ಯಾರಿಗಾದರೂ ತೋಚುವುದು ಸಹಜ. ಅಪಾಯವಿರುವುದು ಕೊನೆಯ ಬೈಟಿನಲ್ಲಿ. ೧.೨ರಲ್ಲಿ ೧ ಎಂದರೆ ಹೊಸದಾಗಿ ಏಳು, ೨ ಎಂದರೆ ಉಳಿಸಿದ ಸ್ಥಿತಿಯಿಂದ ಏಳು. ೨.೦ರಲ್ಲಿ ೦ ಎಂದರೆ ಹೊಸದಾಗಿ ಏಳು, ೧ ಎಂದರೆ ಉಳಿಸಿದ ಸ್ಥಿತಿಯಿಂದ ಏಳು. ಒಂದೇ ಅಂಕೆ, ಬೇರೆ ಅರ್ಥ. ೧೯೫೭ರ ಏಪ್ರಿಲ್ ೧ರಂದು ನಮ್ಮ ನಾಣ್ಯ ದಶಮಾನಕ್ಕೆ ತಿರುಗಿದಾಗ ರೂಪಾಯಿಗೆ ೬೪ ಇದ್ದ ಪೈಸೆಯ ಜಾಗಕ್ಕೆ ರೂಪಾಯಿಗೆ ೧೦೦ರಂತೆ ಹೊಸ ಪೈಸೆ ಬಂದಿತು. ಸರ್ಕಾರದವರು ಅದನ್ನು ಕೆಲವು ವರ್ಷ ‘ನಯಾ ಪೈಸೆ’ ಎಂದೇ ಕರೆಯಿಸಿದ್ದು ಜಾಣತನ. ಆ ಒಂದು ವಿಶೇಷಣವಿಲ್ಲದೆ ಹತ್ತು ಪೈಸೆ ಎಂದರೆ ಎಷ್ಟೆಂದು ಸಂತೆಯಲ್ಲಿ ಜಗಳವಾಗುತ್ತಿತ್ತು. ಚಿಪ್ಪಿನ ಅಂಕೆಗಳಿಗೆ ಅಂತಹ ವಿಶೇಷಣವಿಲ್ಲ.

ಮುದ್ರೆಯೇ ಬೇರೆಯಾಗಿರುವಾಗ ತಪ್ಪು ಆಜ್ಞೆಯನ್ನು ಚಿಪ್ ತಿರಸ್ಕರಿಸುವುದಿಲ್ಲವೇ ಎಂದು ಕೆಲವರು ಕೇಳಬಹುದು. ಮುದ್ರೆ ತಪ್ಪಾಗಿದ್ದರೆ ತಿರಸ್ಕರಿಸುತ್ತದೆ, ನಿಜ. ಇಲ್ಲಿ ಮುದ್ರೆ ಸರಿಯಾಗಿಯೇ ಇರುತ್ತದೆ. ಡ್ರೈವರಿನ ಮೇಲಿನ ಪದರದಲ್ಲಿ ಯಾರೋ ಹೊಸದಾಗಿ ಏಳು ಎಂಬ ಅರ್ಥದಲ್ಲಿ ೧ ಎಂದು ಕಳುಹಿಸುತ್ತಾರೆ. ಕೆಳಗಿನ ಪದರವು ೨.೦ರ ಮುದ್ರೆಯನ್ನೂ ೩೨೪ನ್ನೂ ಸರಿಯಾಗಿ ಬರೆದು ಆ ೧ನ್ನು ಹಾಗೆಯೇ ಕೊನೆಯಲ್ಲಿ ಸೇರಿಸುತ್ತದೆ. ಚಿಪ್ಪಿನ ಪಾಲಿಗೆ ಇದು ದೋಷವೇ ಇಲ್ಲದ ಆಜ್ಞೆ. ಉಳಿಸಿಟ್ಟ ಸ್ಥಿತಿ ಇಲ್ಲದಿದ್ದರೆ ಅದು ಏಳಲು ನಿರಾಕರಿಸುತ್ತದೆ, ಆಮೇಲಿನ ಅಳತೆಗಳೂ ನಡೆಯುವುದಿಲ್ಲ. ಹಿಂದೆಂದೋ ಉಳಿಸಿಟ್ಟ ಸ್ಥಿತಿ ಇದ್ದರೆ ಇನ್ನೂ ಕಷ್ಟ: ಹಳೆಯ ಅಳತೆಗಳು ಕೋಶಕ್ಕೆ ಮರಳಿ, ಅವುಗಳ ಮೇಲೆ ಇಂದಿನವು ಸೇರಿ, ಎಂದೂ ಹೊಂದದ ಮೊತ್ತವೊಂದು ಉಂಟಾಗುತ್ತದೆ. ಎರಡರಲ್ಲಿ ಯಾವುದಾದರೂ ಕೀಲಿ ಹೊರಬರುವುದಿಲ್ಲ.

ಯು-ಬೂಟ್ ಎಂಬುದು ಸಣ್ಣ ಗಣಕಫಲಕಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ, ಯಾರು ಬೇಕಾದರೂ ಓದಬಹುದಾದ ಫರ್ಮ್‌ವೇರು. ಅದರಲ್ಲಿ ೨.೦ಕ್ಕೆ ಅವಕಾಶ ಬಂದುದು ೨೦೧೮ರಲ್ಲಿ. ಬರೆದವರು ಮೊದಲು ಹಳೆಯ ಕಡತವನ್ನು ಮೂರಾಗಿ ಒಡೆದರು: ಎರಡಕ್ಕೂ ಸಲ್ಲುವುದು ಒಂದರಲ್ಲಿ, ೧.೨ರದು ಇನ್ನೊಂದರಲ್ಲಿ, ೨.೦ರದು ಮತ್ತೊಂದರಲ್ಲಿ. ಬೈಟುಗಳನ್ನು ಕಟ್ಟುವ, ಬಿಚ್ಚುವ, ಕಳುಹಿಸುವ ಕೆಲಸಗಳು ಸಾಮಾನ್ಯ ಕಡತಕ್ಕೆ ಹೋದುವು. ಸ್ಟಾರ್ಟಪ್ ಮಾತ್ರ ಎರಡು ವಿಶೇಷ ಕಡತಗಳಲ್ಲಿಯೂ ಪ್ರತ್ಯೇಕವಾಗಿ ಉಳಿಯಿತು. ಅನಂತರದ ವರ್ಷಗಳಲ್ಲಿ ಇವುಗಳ ಮೇಲೆ ಇನ್ನೊಂದು ತೆಳುವಾದ ಪದರ ಬಂದಿತು. ಆವೃತ್ತಿ ಯಾವುದೆಂದು ತಿಳಿಯದ ಮೇಲಿನ ಕ್ರಮವಿಧಿಗಳು ಆ ಪದರವನ್ನು ಕರೆಯುತ್ತವೆ. ಅದು ಚಿಪ್ ಯಾವುದೆಂದು ನೋಡಿ ತಕ್ಕ ಕಡತಕ್ಕೆ ಕೆಲಸವನ್ನು ಒಪ್ಪಿಸುತ್ತದೆ. ಸ್ಟಾರ್ಟಪ್ಪಿನ ವಿಷಯದಲ್ಲಿ ಅದು ಅಂಕೆಯನ್ನು ದಾಟಿಸುವುದಿಲ್ಲ, ಭಾಷಾಂತರಿಸುತ್ತದೆ: ೧ ಬಂದರೆ ೦ ಮಾಡುತ್ತದೆ, ೨ ಬಂದರೆ ೧ ಮಾಡುತ್ತದೆ. ೧.೨ರಲ್ಲಿ ೩ ಎಂಬ ಇನ್ನೊಂದು ಬಗೆಯೂ ಉಂಟು. ಚಿಪ್ಪನ್ನು ನಿಷ್ಕ್ರಿಯವಾಗಿ ಎಬ್ಬಿಸುವುದು ಅದರ ಅರ್ಥ. ೨.೦ರಲ್ಲಿ ಇದಕ್ಕೆ ಸಮನಾದುದಿಲ್ಲ. ಅದನ್ನು ಕೇಳಿದವರಿಗೆ ಆ ಪದರವು ದೋಷಸೂಚನೆಯನ್ನು ಹಿಂದಿರುಗಿಸುತ್ತದೆ. ಹತ್ತಿರದ ಯಾವುದೋ ಒಂದನ್ನು ಆರಿಸಿ ಕೆಲಸ ಸಾಗಿಸದೆ, ಇಲ್ಲದುದನ್ನು ಇಲ್ಲವೆಂದು ಹೇಳುವ ಈ ನಡೆ ನನಗೆ ಬಹಳ ಮೆಚ್ಚುಗೆಯಾದುದು.

ಅಳತೆಯನ್ನು ಕೋಶಕ್ಕೆ ಸೇರಿಸುವ ಎಕ್ಸ್‌ಟೆಂಡ್ ಆಜ್ಞೆಯಲ್ಲಿ ಹೊರರೂಪವೂ ಬೇರೆಯಾಗುತ್ತದೆ. ೧.೨ರಲ್ಲಿ ತಲೆಬರಹ ೧೦, ಕೋಶದ ಸಂಖ್ಯೆಗೆ ೪, ಹ್ಯಾಷಿಗೆ ೨೦. ಒಟ್ಟು ೩೪ ಬೈಟು. ೨.೦ರಲ್ಲಿ ಎಸ್.ಎಚ್.ಎ.-೨೫೬ ಬಳಸಿದರೆ ತಲೆಬರಹ ೧೦, ಕೋಶದ ಸಂಖ್ಯೆಗೆ ೪, ಮುಂದೆ ಬರುವ ಅಧಿಕಾರಪತ್ರದ ಉದ್ದಕ್ಕೆ ೪, ಆ ಅಧಿಕಾರಪತ್ರ ಬರಿಯ ಖಾಲಿ ಸಂಕೇತಪದವಾದರೂ ೯, ಎಷ್ಟು ಹ್ಯಾಷುಗಳಿವೆಯೆಂದು ಹೇಳಲು ೪, ಯಾವ ಹ್ಯಾಷೆಂದು ಹೇಳಲು ೨, ಹ್ಯಾಷಿಗೆ ೩೨, ಒಟ್ಟು ೬೫. ಹಳೆಯ ಚಿಪ್ ಕೋಶದ ಹೊಸ ಮೌಲ್ಯವನ್ನು ಉತ್ತರದಲ್ಲಿಯೇ ತಿಳಿಸುತ್ತದೆ. ಹೊಸದು ತಿಳಿಸುವುದಿಲ್ಲ, ಬೇಕಾದರೆ ಬೇರೊಂದು ಆಜ್ಞೆಯಿಂದ ಓದಿಕೊಳ್ಳಬೇಕು. ಉದ್ದೇಶ ಒಂದೇ ಆದರೂ ಇಲ್ಲಿ ಹಂಚಿಕೊಳ್ಳತಕ್ಕದ್ದು ಹೆಸರೊಂದೇ. ಮೇಲಿನ ಪದರ “ಈ ಕೋಶಕ್ಕೆ ಈ ಅಳತೆಯನ್ನು ಸೇರಿಸು” ಎನ್ನಲಿ. ಬೈಟುಗಳ ವಿಚಾರ ಅದರ ಕಿವಿಗೆ ಬೀಳದಿರಲಿ.

ಫಲಿತಾಂಶದ ಸಂಖ್ಯೆಗಳಲ್ಲಿಯೂ ಇದೇ ಬಗೆ. ಎರಡರಲ್ಲಿಯೂ ೦ ಎಂದರೆ ಯಶಸ್ಸು. ಆದರೆ “ಸ್ವಲ್ಪ ತಾಳಿ ಮತ್ತೆ ಕೇಳು” ಎಂಬುದಕ್ಕೆ ಹಳೆಯದು ೨೦೪೮ ಎನ್ನುತ್ತದೆ, ಹೊಸದು ೨೩೩೮ ಎನ್ನುತ್ತದೆ. ಹಿಂದಿನ ಹಂತದ ಫರ್ಮ್‌ವೇರು ಆಗಲೇ ಎಬ್ಬಿಸಿದ ಚಿಪ್ಪಿಗೆ ಮತ್ತೊಮ್ಮೆ ಸ್ಟಾರ್ಟಪ್ ಕಳುಹಿಸಿದರೆ ಹಳೆಯದರಿಂದ ೩೮, ಹೊಸದರಿಂದ ೨೫೬ ಬರುತ್ತದೆ. ಎದ್ದವನನ್ನು ಎಬ್ಬಿಸಿದ್ದಕ್ಕೆ ಬಂದ ಈ ಆಕ್ಷೇಪಣೆಯನ್ನು ವೈಫಲ್ಯವೆಂದು ತಿಳಿದು ಯಂತ್ರವನ್ನು ನಿಲ್ಲಿಸಿದರೆ ಅನ್ಯಾಯ. ಈ ಸಂಖ್ಯೆಯ ಅರ್ಥವನ್ನು ವಿಶೇಷ ಭಾಗವೇ ಬಿಡಿಸಿ ಹೇಳಬೇಕು.

ಕಾಯುವ ಕಾಲದಲ್ಲಿ ಒಂದು ಸೂಕ್ಷ್ಮವಿದೆ. ಉತ್ತರ ಸಿದ್ಧವಾಯಿತೇ ಎಂದು ಮತ್ತೆ ಮತ್ತೆ ನೋಡುವುದು ಮಾರ್ಗಕ್ಕೆ ಸೇರಿದ, ಅಂದರೆ ಸಾಮಾನ್ಯವಾದ ಕೆಲಸ. ಎಷ್ಟು ಹೊತ್ತು ನೋಡಿ ಕೈಬಿಡಬೇಕೆಂಬುದು ಆಜ್ಞೆಯನ್ನು ಅವಲಂಬಿಸುತ್ತದೆ. ಕೋಶವನ್ನು ಓದುವುದು ಕ್ಷಣಮಾತ್ರದ ಕೆಲಸ, ಆರ್.ಎಸ್.ಎ. ಕೀಲಿಯನ್ನು ಹುಟ್ಟಿಸಬೇಕಾದರೆ ಚಿಪ್ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಬೇಕು, ಆ ಹುಡುಕಾಟದಲ್ಲಿ ಅದೃಷ್ಟದ ಪಾಲೂ ಇರುತ್ತದೆ. ಒಂದೇ ಆಜ್ಞೆ ಈ ಸಲ ಬೇಗ ಮುಗಿದು ಮುಂದಿನ ಸಲ ಬಹಳ ಹೊತ್ತು ಹಿಡಿಯಬಹುದು. ಲಿನಕ್ಸಿನ ಡ್ರೈವರಿನಲ್ಲಿ ಕಾಯುವ ಭಾಗವು ಆಜ್ಞೆಯ ಸಂಖ್ಯೆಯನ್ನು ತೋರಿಸಿ “ಇದಕ್ಕೆ ಎಷ್ಟು ಹೊತ್ತು?” ಎಂದು ವಿಶೇಷ ಭಾಗವನ್ನು ಕೇಳುತ್ತದೆ. ೧.೨ರ ಭಾಗದಲ್ಲಿ ಇದಕ್ಕೊಂದು ಕೋಷ್ಟಕವೇ ಇದೆ. ಸಾಮಾನ್ಯ ಭಾಗಕ್ಕೆ ವಿಶೇಷ ಭಾಗದ ನೆರವು ಬೇಕಾಗುವುದು ರಚನೆಯ ದೋಷವಲ್ಲ. ಕೇಳುವ ಪ್ರಶ್ನೆ ಒಂದೇ ಆಗಿದ್ದು ಉತ್ತರ ಮಾತ್ರ ಬೇರೆಯಾಗುವುದಾದರೆ ಅಲ್ಲಿ ಗೆರೆ ಸರಿಯಾಗಿ ಬಿದ್ದಿದೆಯೆಂದು ಧೈರ್ಯವಾಗಿ ಹೇಳಬಹುದು.

ಚಿಪ್ ಯಾವ ಆವೃತ್ತಿಯದೆಂದು ಡ್ರೈವರಿಗೆ ತಿಳಿಯುವುದು ಹೇಗೆ? ಸ್ಥಳಾಭಾವವಿರುವ ಫರ್ಮ್‌ವೇರಿನಲ್ಲಿ ತಯಾರಿಸುವಾಗಲೇ ಒಂದನ್ನು ಆರಿಸಿ, ಇನ್ನ���ಂದರ ಭಾಗವನ್ನು ಸೇರಿಸದೆ ಬಿಡುವುದುಂಟು. ಕಡತಗಳು ಬೇರೆಯಾಗಿರುವುದರಿಂದ ಹೀಗೆ ಬಿಡುವುದು ಸುಲಭ. ಷರತ್ತುಗಳನ್ನು ಅಲ್ಲಲ್ಲಿ ಚೆಲ್ಲಿದ ಡ್ರೈವರಿನಲ್ಲಿ ಇದು ಅಸಾಧ್ಯವಲ್ಲದಿದ್ದರೂ ಹಿಂಸೆ. ಆದರೆ ಕೆಲವು ಚಿಪ್ಪುಗಳನ್ನು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಮಾರ್ಪಡಿಸುವ ಸಾಧನಗಳನ್ನು ತಯಾರಕರೇ ಒದಗಿಸಿದ್ದಾರೆ. ಅಂತಹ ಯಂತ್ರದಲ್ಲಿ ಪ್ರತಿಸಲವೂ ಕೇಳಿಯೇ ತಿಳಿಯಬೇಕು. ಲಿನಕ್ಸ್ ೨.೦ರ ಮುದ್ರೆಯೊಡನೆ ಒಂದು ಸಾಧಾರಣ ವಿಚಾರಣೆಯನ್ನು ಕಳುಹಿಸಿ ಉತ್ತರದ ಮುದ್ರೆಯನ್ನು ನೋಡುತ್ತದೆ. ಅದು ೩೨೭೬೯ ಆಗಿದ್ದರೆ ಚಿಪ್ ಹೊಸದು. ಹಳೆಯ ಚಿಪ್ಪಾದರೆ ಮುದ್ರೆ ಅರ್ಥವಾಗದೆ ೧೯೬ ಎಂಬ ತನ್ನ ಮುದ್ರೆಯಲ್ಲಿ, “ಮುದ್ರೆ ತಪ್ಪು” ಎಂಬರ್ಥದ ೩೦ ಎಂಬ ಸಂಖ್ಯೆಯನ್ನು ಕಳುಹಿಸುತ್ತದೆ. ಹೊಸ ಚಿಪ್ಪಿಗೆ ಹಳೆಯ ಆಜ್ಞೆ ತಪ್ಪಿ ಬಂದರೆ ಅದೂ ಹಳೆಯ ಮುದ್ರೆಯಾದ ೧೯೬ರಲ್ಲಿಯೇ ಅದೇ ೩೦ನ್ನು ಉತ್ತರವಾಗಿ ಕೊಡುವಂತೆ ಲಕ್ಷಣಕಾರರು ವಿಧಿಸಿದ್ದಾರೆ. ಹೊಸ ಭಾಷೆಯಲ್ಲಿ ಉತ್ತರ ಕೊಟ್ಟರೆ ಹಳೆಯ ಡ್ರೈವರಿಗೆ ಅದು ಅರ್ಥವಾಗುತ್ತಿರಲಿಲ್ಲ. ತನ್ನ ಪೂರ್ವಜನ ಒಂದು ವಾಕ್ಯವನ್ನು ಹೊಸ ಚಿಪ್ ಇದಕ್ಕಾಗಿಯೇ ನೆನಪಿಟ್ಟುಕೊಂಡಿದೆ.

ಇಷ್ಟಾದರೂ ಮೇಲಿನ ತೆಳುಪದರ ಮರೆಮಾಡಬಾರದ ಕೆಲವು ಭೇದಗಳಿವೆ. ಯಂತ್ರ ನಿದ್ರೆಗೆ ಹೋಗುವಾಗ ಚಿಪ್ಪಿಗೂ ವಿದ್ಯುತ್ತು ತಪ್ಪುವುದರಿಂದ ಕಾರ್ಯಾಚರಣ ವ್ಯವಸ್ಥೆ ಮೊದಲೇ “ಸ್ಥಿತಿಯನ್ನು ಉಳಿಸು” ಎಂದು ಹೇಳಬೇಕು. ಎದ್ದಾಗ ಫರ್ಮ್‌ವೇರು ಆ ಸ್ಥಿತಿಯಿಂದ ಎಬ್ಬಿಸಬೇಕು. ಉಳಿಸದೆಯೇ ಮಲಗಿದ್ದರೆ? ೧.೨ರ ಚಿಪ್ ಉಳಿಸಿದ ಸ್ಥಿತಿ ಸಿಗದಾಗ ವೈಫಲ್ಯದ ಸ್ಥಿತಿಗೆ ಹೋಗಿ ಕೆಲಸ ನಿಲ್ಲಿಸುತ್ತದೆ. ೨.೦ರ ಚಿಪ್ ದೋಷವನ್ನು ವರದಿ ಮಾಡಿ, ಮುಂದೇನೆಂಬುದನ್ನು ಫರ್ಮ್‌ವೇರಿಗೆ ಬಿಡುತ್ತದೆ. ೨೦೧೮ರಲ್ಲಿ ದಕ್ಷಿಣ ಕೊರಿಯದ ಸಂಶೋಧಕರು ಈ ಸಂದಿಯನ್ನು ಪರೀಕ್ಷಿಸಿದರು. ಕೆಲವು ಯಂತ್ರಗಳಲ್ಲಿ, ಸ್ಥಿತಿಯನ್ನು ಉಳಿಸದೆ ಮಲಗಿಸಿ ಎಬ್ಬಿಸಿದಾಗ ಕೋಶಗಳು ಸೊನ್ನೆಯಾಗಿ ದೊರೆಯುವುದನ್ನೂ, ಒಳಹೊಕ್ಕ ವೈರಿಯು ಸಾಚಾ ಕ್ರಮವಿಧಿಗಳ ಅಳತೆಗಳನ್ನು ತಾನೇ ಅನುಕ್ರಮವಾಗಿ ತುಂಬಿ ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸಬಹುದೆಂಬುದನ್ನೂ ಅವರು ತೋರಿಸಿದರು. “ಉಳಿಸಿದ ಸ್ಥಿತಿಯಿಂದ ಎಬ್ಬಿಸು, ಆಗದಿದ್ದರೆ ಹೊಸದಾಗಿ ಎಬ್ಬಿಸು” ಎಂಬ ಸಾಲು ಸಾಮಾನ್ಯ ಭಾಗದಲ್ಲಿ ನೋಡಲು ಎಷ್ಟು ಉಪಕಾರಿಯಾಗಿ ಕಾಣುತ್ತದೆ! ಹಳೆಯ ಚಿಪ್ಪಿನಲ್ಲಿ ಅದು ನಿರಪಾಯ, ಏಕೆಂದರೆ ಚಿಪ್ಪೇ ತಡೆಯುತ್ತದೆ. ಹೊಸದರಲ್ಲಿ ಅದೇ ಸಾಲು ಸಾಕ್ಷಿಯ ನಾಲಗೆಯನ್ನು ಕಳ್ಳನ ಕೈಗೆ ಕೊಟ್ಟಂತೆ. ಅಲ್ಲಿ ಫರ್ಮ್‌ವೇರು ಯಂತ್ರವನ್ನು ಪೂರ್ತಿಯಾಗಿ ಮರಳಿ ಆರಂಭಿಸಬೇಕು, ಇಲ್ಲವೆ ಕೋಶಗಳಿಗೆ ಒಂದು ದೋಷಚಿಹ್ನೆಯನ್ನು ಸೇರಿಸಿ ಅವುಗಳನ್ನು ಕೆಡಿಸಿಬಿಡಬೇಕು.

ಗೆರೆಯನ್ನು ಒಮ್ಮೆ ಎಳೆದರೆ ಅದು ಅಲ್ಲಿಯೇ ನಿಲ್ಲುವುದೂ ಇಲ್ಲ. ಯು-ಬೂಟಿನ ೨.೦ರ ಕಡತದಲ್ಲಿ ಎಕ್ಸ್‌ಟೆಂಡ್ ಆಜ್ಞೆ ಮೊದಲು ಬರೆದಾಗ ೩೨ ಬೈಟುಗಳ ಎಸ್.ಎಚ್.ಎ.-೨೫೬ಕ್ಕೆ ಮಾತ್ರ ಸಲ್ಲುವಂತಿತ್ತು. ಆದರೆ ೨.೦ರ ಒಂದೇ ಚಿಪ್ಪಿನಲ್ಲಿ ಬೇರೆ ಬೇರೆ ಹ್ಯಾಷುಗಳಿಗೆ ಬೇರೆ ಬೇರೆ ಕೋಶಸಮೂಹಗಳು ಇರಬಹುದು. ೪೮ ಬೈಟುಗಳ ಎಸ್.ಎಚ್.ಎ.-೩೮೪ ಕೂಡ ಬಳಕೆಗೆ ಬಂದಿತು. ಮುಂದೆ ಆ ಆಜ್ಞೆಗೆ ಹ್ಯಾಷಿನ ಹೆಸರನ್ನೂ ಉದ್ದವನ್ನೂ ಹೊರಗಿನಿಂದ ಕೊಡುವಂತೆ ತಿದ್ದಬೇಕಾಯಿತು. ವಿಶೇಷವೆಂದು ಬೇರ್ಪಡಿಸಿದ ಭಾಗದ ಒಳಗೆ ಮತ್ತೊಂದು ಸಾಮಾನ್ಯ, ಮತ್ತೊಂದು ವಿಶೇಷ ಕಾಣಿಸಿಕೊಂಡುವು. ಯು-ಬೂಟ್ ಮತ್ತು ಲಿನಕ್ಸ್ ಎರಡರ ಕಡತಗಳೂ ಓದಲು ಮುಕ್ತವಾಗಿವೆ. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಸ್ಟಾರ್ಟಪ್ ಆಜ್ಞೆಯನ್ನು ಎರಡರಲ್ಲಿಯೂ ಹುಡುಕಿ, ಮೇಲೆ ಕೊಟ್ಟಿರುವ ಹನ್ನೆರಡು ಬೈಟುಗಳಲ್ಲಿ ಯಾವುದನ್ನು ಯಾವ ಕಡತ ಬರೆಯುತ್ತದೆಂದು ಗುರುತಿಸಿ ನೋಡಬಹುದು.